ಸೇತುವೆ ಬಂತು, ಇನ್ನು ನಮ್ಮ ದ್ವೀಪದ ಕಥೆ ಏನು? ಕರೂರು, ಬಾರಂಗಿ, ತುಮರಿ ಕಡೆಯವರು ಬರೆಯಿರಿ

ಹೊಳೆಬಾಗಿಲ ಹುಡುಗ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಊರಿಗೆ ಹೋಗಿದ್ದೆ. ಸಾಗರದಲ್ಲಿ ರಾತ್ರಿ ಏಳಕ್ಕೆ ಕಾಫಿ ಕುಡಿದು ಹೊರಟವನು ಎಂಟೂವರೆಯೊಳಗೆ ಮನೆ ಅಂಗಳದಲ್ಲಿದ್ದೆ. ಬೇರೆ ಊರಿನವರಿಗೆ ಇದು ಒಂದು ವಿಷಯವೇ ಅಲ್ಲ. ನಮಗೆ ಗೊತ್ತು ಅದರ ಬೆಲೆ. ಶರಾವತಿ ಹಿನ್ನೀರು ದಾಟಿಸುವ ಸಂಜೆಯ ಕೊನೇ ಲಾಂಚ್, ಅಂದರೆ ಜನ, ಗಾಡಿ ಹೊರುವ ದೊಡ್ಡ ದೋಣಿ, ತಪ್ಪಿದರೆ ಸಾಗರದಲ್ಲೇ ಯಾರದಾದರೂ ಮನೆ ಬಾಗಿಲು ತಟ್ಟಬೇಕಿತ್ತು. ಇಲ್ಲ ಅಂದರೆ ಹೊಸನಗರ, ನಿಟ್ಟೂರು ಸುತ್ತಿಕೊಂಡು ಕಾಡಿನ ದಾರಿ ಹಿಡಿಯಬೇಕಿತ್ತು. 2025ರ ಜುಲೈ 14ಕ್ಕೆ ಸೇತುವೆ ತೆರೆದ ಮೇಲೆ ಆ ಪಾಡು ಮುಗಿಯಿತು.

ಆದರೆ ಮನೆಗೆ ಹೋಗಿ ಕೈಕಾಲು ತೊಳೆಯುವಾಗ ಅಮ್ಮ ಹೇಳಿದರು, ಪಕ್ಕದ ಮನೆ ಅಜ್ಜಯ್ಯ ತೀರಿಕೊಂಡು ನಾಲ್ಕು ದಿನ ಆಯ್ತು ಅಂತ. ನನಗೆ ಗೊತ್ತೇ ಇರಲಿಲ್ಲ. ಮೊದಲಾದರೆ ಲಾಂಚಿಗೆ ಕಾಯುವಾಗಲೇ ಯಾರಾದರೂ ಹೇಳುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರ ಆಕಳು ಕರು ಹಾಕಿತು, ಯಾರು ಆಸ್ಪತ್ರೆಯಲ್ಲಿದ್ದಾರೆ ಎಲ್ಲ ಆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ಆ ಅಜ್ಜಯ್ಯನಿಗೆ ಒಂದು ಅಭ್ಯಾಸ ಇತ್ತು. ಲಾಂಚ್ ನಡುನೀರಿಗೆ ಬಂದಾಗ ಕಂಬಿ ಹಿಡಿದು ನಿಂತು, ಕೈ ಚಾಚಿ, "ಇಲ್ಲಿ ಕೆಳಗೆ ನಮ್ಮ ಗದ್ದೆ. ಆ ಒಣ ಬೊಡ್ಡೆ ಕಾಣುತ್ತಲ್ಲ, ಅದು ನಮ್ಮ ಕಣದ ಹಲಸು" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ನೂರು ಸಲ ಕೇಳಿದ್ದೇನೆ. ಒಂದು ಸಲವೂ ಬರೆದುಕೊಳ್ಳಲಿಲ್ಲ. ಈಗ ಆ ಗದ್ದೆಯ ಹೆಸರು ಹೇಳುವವರು ಯಾರೂ ಉಳಿದಿಲ್ಲ.

ಅದಕ್ಕೇ ಈ ಚರ್ಚೆ ಶುರು ಮಾಡಿದ್ದು. ಹಿರಿಯರು ಇರುವಾಗಲೇ ಅಣೆಕಟ್ಟಿನ ನೀರಿನ ಕೆಳಗೆ ಹೋದ ಊರುಗಳನ್ನು ಬರೆದಿಡೋಣ. ಹಾಗೇ ಈಗಿನ ಕಷ್ಟಸುಖವನ್ನೂ ಮಾತಾಡೋಣ.

ಕಳಸವಳ್ಳಿ ಅಕ್ಕ

ತಮ್ಮಾ, ಬರೆದಿಡುವುದು ಒಳ್ಳೆಯದೇ. ಆದರೆ ಲಾಂಚ್ ಇದ್ದಾಗ ಎಷ್ಟು ಚಂದ ಇತ್ತು ಅನ್ನುವ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅತ್ತಿಗೆಗೆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಜೀಪಿನಲ್ಲಿ ದಡಕ್ಕೆ ಬಂದೆವು. ಲಾಂಚ್ ಆಚೆ ದಡದಲ್ಲಿ ಕಟ್ಟಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ ಅಲ್ಲ. ಮಳೆಗಾಲ, ಗಾಳಿ ಬೇರೆ. ಕೊನೆಗೆ ಒಬ್ಬರು ದೋಣಿ ತಂದರು. ಒಬ್ಬರು ಬ್ಯಾಟರಿ ಹಿಡಿದರು, ನಾನು ಅತ್ತಿಗೆಯ ತಲೆ ಮಡಿಲಲ್ಲಿ ಇಟ್ಟುಕೊಂಡು ಕೂತೆ, ಇನ್ನೊಬ್ಬರು ಚೊಂಬಿನಲ್ಲಿ ದೋಣಿಯ ನೀರು ಮೊಗೆದು ಹಾಕುತ್ತಲೇ ಇದ್ದರು. ಆಚೆ ದಡದಲ್ಲಿ ಮತ್ತೆ ಗಾಡಿಗೆ ಕಾಯಬೇಕಾಯಿತು. ಅತ್ತಿಗೆ ಉಳಿದರು. ಮಗು ಉಳಿಯಲಿಲ್ಲ.

ಇಂಥದ್ದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ, ಊರೂರಲ್ಲಿ ಇದೆ. ಹಾವು ಕಚ್ಚಿದ್ದು, ಎದೆನೋವು, ಮಂಗನ ಕಾಯಿಲೆ ಜ್ವರ. ರಾತ್ರಿ ಕಾಯಿಲೆ ಬೀಳಬಾರದು ಅಂತ ದೇವರಿಗೆ ಕೈ ಮುಗಿದು ಮಲಗುತ್ತಿದ್ದೆವು. ಲಾಂಚ್ ಚಂದ ಅನ್ನುವವರು ಹಗಲಿನ ಲಾಂಚ್ ನೋಡಿದವರು.

ಹೊಳೆಬಾಗಿಲ ಹುಡುಗ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸೇತುವೆ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅರವತ್ತು ವರ್ಷ ತಡವಾಗಿ ಬಂತು ಅನ್ನುವುದೇ ನನ್ನ ಸಿಟ್ಟು. ನಿಮ್ಮ ಈ ರಾತ್ರಿಯನ್ನೂ ಬರೆದಿಡಬೇಕು. ಇದು ಇಲ್ಲದೆ ನಮ್ಮ ಚರಿತ್ರೆ ಪೂರ್ತಿ ಆಗುವುದಿಲ್ಲ.

ಮೈಸೂರಿನಿಂದ ಓದುಗ

ತಿಳಿಯಲು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಎಲ್ಲರೂ ದ್ವೀಪ ಅನ್ನುತ್ತೀರಿ. ನಕ್ಷೆಯಲ್ಲಿ ನೋಡಿದರೆ ಒಂದು ಕಡೆ ನೆಲಕ್ಕೆ ಸೇರಿದ ಹಾಗಿದೆ. ಹಾಗಾದರೆ ದ್ವೀಪ ಹೇಗೆ? ನಾವು ಎರಡು ಸಲ ಸಿಗಂದೂರಿಗೆ ಬಂದಿದ್ದೇವೆ, ಲಾಂಚಲ್ಲೇ ದಾಟಿದ್ದು.

ನಿವೃತ್ತ ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದಿರಿ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಭೂಗೋಳದ ಪುಸ್ತಕದ ಪ್ರಕಾರ ಇದು ದ್ವೀಪ ಅಲ್ಲ. ಮೂರು ಕಡೆ ಶರಾವತಿ ಹಿನ್ನೀರು, ಉಳಿದ ಕಡೆ ಪಶ್ಚಿಮ ಘಟ್ಟದ ಕಾಡು. ಕಾಡಿನ ಕಡೆ ರಸ್ತೆ ಇದೆ, ಆದರೆ ನಮ್ಮ ತಾಲ್ಲೂಕು ಕೇಂದ್ರ ಸಾಗರಕ್ಕೆ ಆ ದಾರಿಯಲ್ಲಿ ಹೋಗಿ ಬರುವುದರೊಳಗೆ ದಿನ ಕಳೆಯುತ್ತದೆ. ಆಸ್ಪತ್ರೆ, ಕೋರ್ಟು, ಕಾಲೇಜು, ಅಡಿಕೆ ಮಂಡಿ ಎಲ್ಲ ನೀರಿನ ಆಚೆ. ಹಾಗಾಗಿ ಜನ ಇದನ್ನು ದ್ವೀಪ ಅಂದರು. ಬದುಕಿದವರು ಇಟ್ಟ ಹೆಸರು ಅದು.

ಈ ದ್ವೀಪ ಹುಟ್ಟಿನಿಂದ ದ್ವೀಪ ಅಲ್ಲ. ಮೊದಲು ಇಲ್ಲಿ ಹರಿಯುತ್ತಿದ್ದುದು ಸಾಮಾನ್ಯ ಹೊಳೆ. ಬೇಸಿಗೆಯಲ್ಲಿ ಕಾಲುನಡಿಗೆಯಲ್ಲಿ ದಾಟುತ್ತಿದ್ದೆವು ಅಂತ ನಮ್ಮ ಅಪ್ಪಯ್ಯ ಹೇಳುತ್ತಿದ್ದರು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಶುರುವಾಯಿತು. ಅದಕ್ಕೆ ನೀರು ಕೂಡಿಡಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದು ಮೊದಲ ಮುಳುಗಡೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಅದರ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದು ತುಂಬಿದಾಗ ಹಿರೇಭಾಸ್ಕರ ಅಣೆಕಟ್ಟೇ ನೀರಿನಲ್ಲಿ ಮುಳುಗಿಹೋಯಿತು. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿತು. ಮೊದಲ ಸಲ ಗುಡ್ಡದ ಮೇಲಕ್ಕೆ ಹೋಗಿ ಮನೆ ಕಟ್ಟಿಕೊಂಡವರಲ್ಲಿ ಕೆಲವರು ಎರಡನೇ ಸಲವೂ ಗಂಟುಮೂಟೆ ಕಟ್ಟಿದರು.

ಮಳೆ ಕಡಿಮೆಯಾದ ವರ್ಷ ಬೇಸಿಗೆಯ ಕೊನೆಗೆ ಹೋದರೆ ಆ ಹಳೇ ಅಣೆಕಟ್ಟು ನೀರಿನಿಂದ ಮೇಲೆ ಎದ್ದು ನಿಂತಿರುತ್ತದೆ. ಇಷ್ಟು ವರ್ಷ ನೀರಲ್ಲಿದ್ದರೂ ಗಟ್ಟಿಯಾಗಿದೆ. ಗಣೇಶ್ ಅಯ್ಯರ್ ಅನ್ನುವ ಇಂಜಿನಿಯರ್ ರೂಪಿಸಿದ ಸೈಫನ್‌ಗಳು ಅದರಲ್ಲಿವೆ. ದುಂಡನೆ ದೊಡ್ಡ ಬಾಯಿಯವು. ನೀರು ಒಂದು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ತಾವಾಗಿಯೇ ಎಳೆದು ಹೊರಹಾಕುತ್ತಿದ್ದವು. ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ ತೋರಿಸಿದ್ದೆ. ಒಬ್ಬ ಹುಡುಗ ಕೆಸರಿನಲ್ಲಿ ಕೂತು ಅದರ ಚಿತ್ರ ಬರೆದ. ಇಂಥ ಕಡೆ ಒಂದು ಫಲಕವೂ ಇರಲಿಲ್ಲ.

ಮುಳುಗಡೆ ಮೂರನೇ ತಲೆಮಾರು

ಮೇಷ್ಟ್ರೇ, ನೀವು ಬರೆದಿದ್ದು ಓದಿ ಹೊಟ್ಟೆಯೊಳಗೆ ಏನೋ ಆಯಿತು. ನಾವು ಈಗ ದ್ವೀಪದಲ್ಲಿಲ್ಲ. ಆದರೂ ಇದು ನಮ್ಮ ಕಥೆ.

ನೀರು ಬಂದಾಗ ಕೆಲವರು ಗುಡ್ಡ ಹತ್ತಿ ಅಲ್ಲೇ ಉಳಿದರು, ಅವರು ದ್ವೀಪದವರಾದರು. ನಮ್ಮಜ್ಜನಂಥವರನ್ನು ಲಾರಿಯಲ್ಲಿ ತಂದು ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಇಲ್ಲೇ ಕಡಿದು ಗದ್ದೆ ಮಾಡಿಕೊಳ್ಳಿ ಅಂದರು. ಅಜ್ಜ ಮಾಡಿದರು. ಬಾವಿ ತೋಡಿದರು, ಅಡಿಕೆ ಇಟ್ಟರು, ನಮ್ಮಪ್ಪ ಹುಟ್ಟಿದ್ದು ಅಲ್ಲೇ. ಈಗಲೂ ಆ ಜಾಗ ದಾಖಲೆಯಲ್ಲಿ ಅರಣ್ಯ.

ಏನಾಗಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಕಾಡನ್ನು ಕೊಟ್ಟವರು ಕೊಟ್ಟರು, ಅದನ್ನು ಅರಣ್ಯದ ಪಟ್ಟಿಯಿಂದ ತೆಗೆಯುವ ಕೆಲಸ ಮಾಡಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕೇಂದ್ರದ ಅನುಮತಿ ಬೇಕು. ಆಮೇಲೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು, ಕೇಂದ್ರದ ಅನುಮತಿ ಇಲ್ಲ ಅನ್ನುವ ಕಾರಣಕ್ಕೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಪರಿಶಿಷ್ಟ ಪಂಗಡ ಅಲ್ಲದವರು 2005ರ ಡಿಸೆಂಬರ್‌ಗಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. ಸರ್ಕಾರವೇ 1960ರ ಸುಮಾರಿಗೆ ತಂದು ಇಳಿಸಿದವರು 1930ರಿಂದ ಇಲ್ಲಿದ್ದೆವು ಅಂತ ಎಲ್ಲಿಂದ ತೋರಿಸುವುದು?

ಅಪ್ಪ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದಾಗ ಅಲ್ಲಿನವರು ಕೇಳಿದ್ದು ಇಷ್ಟು. "ನೀವು ಮುಳುಗಡೆಯವರು ಅನ್ನುವುದಕ್ಕೆ ಮೂಲ ಊರಿನ ಪತ್ರ ತನ್ನಿ." ಮೂಲ ಊರು ನೀರಿನಲ್ಲಿದೆ. ಅಪ್ಪ ಆ ಮಾತನ್ನು ಮನೆಗೆ ಬಂದು ಎರಡು ಸಲ ಹೇಳಿದರು. ಆಮೇಲೆ ಸುಮ್ಮನೆ ಕೂತರು.

ಹಾಗಾಗಿ ಊರುಗಳ ಹೆಸರು, ಮನೆಗಳ ಹೆಸರು ಬರೆದಿಡುವ ಕೆಲಸ ಬರೀ ನೆನಪಿಗಾಗಿ ಅಲ್ಲ. ನಮಗೆ ಅದು ಹಕ್ಕುಪತ್ರದ ಪ್ರಶ್ನೆ.

ಬೆಂಗಳೂರಲ್ಲಿ ತುಮರಿ

ಇದನ್ನು ಓದಿದ ಮೇಲೆ ನನ್ನ ದೂರು ಸಣ್ಣದು ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ಲಾಕ್‌ಡೌನ್ ಸಮಯದಲ್ಲಿ ಊರಲ್ಲಿದ್ದೆ. ಆಫೀಸಿನ ಕಾಲ್ ಬಂದರೆ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತಬೇಕಿತ್ತು. ಅಲ್ಲಿ ಆನ್‌ಲೈನ್ ಕ್ಲಾಸಿನ ಮಕ್ಕಳು ಆಗಲೇ ಕೊಡೆ ಬಿಡಿಸಿಕೊಂಡು ಕೂತಿರುತ್ತಿದ್ದರು. ಒಂದು ಬಂಡೆ ಇದೆ, ಅದರ ಮೇಲೆ ನಿಂತರೆ ಎರಡು ಕಡ್ಡಿ ಸಿಗುತ್ತೆ, ಕೆಳಗಿಳಿದರೆ ಇಲ್ಲ. ಮಕ್ಕಳೇ ಆ ಬಂಡೆಗೆ ಸರದಿ ಮಾಡಿಕೊಂಡಿದ್ದರು. ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಅಂತ ನಮ್ಮ ಹುಡುಗರು ಬೋರ್ಡ್ ಹಿಡಿದು ಹೋರಾಟ ಮಾಡಿದ ಮೇಲೆ ಅಷ್ಟಿಷ್ಟು ಕಣ್ಣು ತೆರೆದರು.

ನಾನು ವಾಪಸ್ ಬರಬೇಕು ಅಂತಲೇ ಇದ್ದೇನೆ. ಸೇತುವೆ ಇದೆ. ಸಿಗ್ನಲ್ ಸರಿಯಾದರೆ ಊರಲ್ಲೇ ಕೂತು ಕೆಲಸ ಮಾಡುವವರು ನನ್ನ ಹಾಗೆ ಬಹಳ ಜನ ಇದ್ದಾರೆ.

ತೋಟದ ಮನೆ

ವಾಪಸ್ ಬನ್ನಿ ಮಾರಾಯ್ರೆ, ದಯವಿಟ್ಟು ಬನ್ನಿ. ನಮ್ಮ ಕೇರಿಯಲ್ಲಿ ಒಂಬತ್ತು ಮನೆ. ಐವತ್ತು ವರ್ಷಕ್ಕಿಂತ ಕಡಿಮೆ ವಯಸ್ಸಿನವರು ಇರುವುದು ಎರಡು ಮನೆಯಲ್ಲಿ.

ಅಡಿಕೆಗೆ ಈಗ ಎಲೆಚುಕ್ಕಿ ರೋಗ. ಮೊದಲು ಕೊಳೆ ಒಂದೇ ಚಿಂತೆ ಇತ್ತು, ಮಳೆಗಾಲದಲ್ಲಿ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ಹೊಡೆದರೆ ಒಂದು ಧೈರ್ಯ. ಎಲೆಚುಕ್ಕಿ ಬಂದ ತೋಟದಲ್ಲಿ ಮರ ನಿಂತಿರುತ್ತೆ, ಸೋಗೆ ಎಲ್ಲ ಸುಟ್ಟ ಹಾಗೆ ಕಂದು ಬಣ್ಣ. ಔಷಧಿ ಹೊಡೆಯಲು, ಕೊನೆ ಕೊಯ್ಯಲು ಮರ ಹತ್ತುವವರೇ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ ಸೇತುವೆ ಬಂದಿದೆ. ವಾರಕ್ಕೊಬ್ಬರು ಕಾರಿನಲ್ಲಿ ಬಂದು "ನೀರಿನ ಪಕ್ಕ ಜಾಗ ಇದೆಯಾ" ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಇಲ್ಲ ಅಂದಿದ್ದೇನೆ. ಆದರೆ ಸೋತು ಕೂತ ರೈತನಿಗೆ ಎಷ್ಟು ದಿನ ಇಲ್ಲ ಅನ್ನಲು ಆಗುತ್ತೆ? ನೀರಿನಿಂದ ಉಳಿದ ನೆಲವನ್ನು ನಮ್ಮ ಕೈಯಾರೆ ಮಾರಿ ಹೋದರೆ ಅದು ಮೂರನೇ ಮುಳುಗಡೆ.

ದಡದ ಅಂಗಡಿ

ನನ್ನ ಮಾತು ಯಾರಿಗೆ ಬೇಕೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಹದಿನೆಂಟು ವರ್ಷ ದಡದಲ್ಲಿ ಅಂಗಡಿ ಇಟ್ಟಿದ್ದೆ. ಚಾ, ಮಂಡಕ್ಕಿ, ಎಳನೀರು, ಹಣ್ಣುಕಾಯಿ ಬುಟ್ಟಿ. ಸಂಕ್ರಾಂತಿಗೆ ಸಿಗಂದೂರು ಜಾತ್ರೆ ಬಂತು ಅಂದರೆ ಗಾಡಿಗಳ ಸಾಲು ಮೈಲಿಗಟ್ಟಲೆ. ಮಕ್ಕಳಿಗೆ ಹಾಲು ಬಿಸಿ ಮಾಡಿಕೊಡಿ ಅಂತ ತಾಯಂದಿರು ಬರುತ್ತಿದ್ದರು, ದುಡ್ಡು ತಗೊಳ್ಳುತ್ತಿರಲಿಲ್ಲ.

ಈಗ ಗಾಡಿಗಳು ಮೇಲಿನಿಂದಲೇ ಹೋಗುತ್ತವೆ. ನಿಲ್ಲುವುದಿಲ್ಲ. ಸೇತುವೆ ಬಂದಿದ್ದಕ್ಕೆ ನನಗೆ ಬೇಜಾರಿಲ್ಲ, ನನ್ನ ಮಗಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಇದೇ ಸೇತುವೆ ಮೇಲೆ. ಆದರೆ ಸುಮಾರು 470 ಕೋಟಿಯ ಕೆಲಸದಲ್ಲಿ, ದಡವನ್ನೇ ನಂಬಿದ ಅಂಗಡಿಯವರು ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಒಂದು ಸಲ ಕೇಳಬಹುದಿತ್ತು. ಸೇತುವೆಯ ಎರಡೂ ತುದಿಯಲ್ಲಿ ಹತ್ತು ಹತ್ತು ಮಳಿಗೆ ಕಟ್ಟಿ ಮೊದಲು ದಡದಲ್ಲಿದ್ದವರಿಗೇ ಕೊಡಿ ಅನ್ನುವುದು ನಮ್ಮ ಬೇಡಿಕೆ. ಯಾರಿಗಾದರೂ ಅರ್ಜಿ ಬರೆಯಲು ಬಂದರೆ ಸಹಾಯ ಮಾಡಿ.

ನಿವೃತ್ತ ಮೇಷ್ಟ್ರು

ಅರ್ಜಿ ನಾನು ಬರೆದುಕೊಡುತ್ತೇನೆ. ಭಾನುವಾರ ಮನೆಗೆ ಬನ್ನಿ. ಉಳಿದ ಅಂಗಡಿಯವರ ಸಹಿಯೂ ಇರಲಿ.

ಕಾರೆಕಾಡು

ಪ್ರವಾಸಿಗರ ವಿಷಯ ಬಂತಲ್ಲ, ನಾನೂ ಸೇರಿಸುತ್ತೇನೆ. ಲಾಂಚ್ ಇದ್ದಾಗ ಅದೇ ಒಂದು ಜರಡಿಯಾಗಿತ್ತು. ಒಂದು ಸಲಕ್ಕೆ ಇಷ್ಟೇ ಗಾಡಿ, ಸಂಜೆಯಾದರೆ ಬಂದ್. ಈಗ ಇಡೀ ರಾತ್ರಿ ಗಾಡಿ. ಹಿನ್ನೀರಿನ ಅಂಚಿನಲ್ಲಿ ಬಾಟಲಿ, ಊಟದ ಪ್ಲೇಟು. ನೀರು ಏರಿದಾಗ ಅದೆಲ್ಲ ಒಳಗೆ ಹೋಗುತ್ತೆ. ನಮ್ಮ ದನ ಕುಡಿಯುವ ನೀರು ಅದು. ಕತ್ತಲಾದ ಮೇಲೆ ಗಾಡಿ ಬಿಡಬಾರದು ಅಂತ ನಾನು ಹೇಳುವುದು.

ಕಳಸವಳ್ಳಿ ಅಕ್ಕ

ಇಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ರಾತ್ರಿ ಬಾಗಿಲು ಹಾಕುವ ಮಾತು ಯಾರೂ ಆಡಬೇಡಿ. ಅರವತ್ತು ವರ್ಷ ಹಾಕಿದ್ದು ಸಾಕು. ಕಸ ಹಾಕುವವರಿಗೆ ದಂಡ ಹಾಕಿ, ಪಂಚಾಯಿತಿಯಿಂದ ಕಾವಲು ಇಡಿ, ನಾನೂ ಬಂದು ನಿಲ್ಲುತ್ತೇನೆ.

ಕಾರೆಕಾಡು

ಅಕ್ಕಾ, ಹೊರಗಿನವರ ಗಾಡಿಗೆ ಮಾತ್ರ ಹೇಳಿದ್ದು. ಆದರೆ ಯೋಚನೆ ಮಾಡಿದರೆ, ಯಾರು ಹೊರಗಿನವರು ಅಂತ ರಾತ್ರಿ ಎರಡು ಗಂಟೆಗೆ ನಿಂತು ವಿಚಾರಿಸುವುದೂ ತಪ್ಪೇ. ಆ ಮಾತು ಹಿಂದೆ ತಗೊಂಡೆ. ಕಾವಲಿನ ಮಾತಿಗೆ ನಾನೂ ಸೈ. ನಾಡಿನ ಯಾವ ಮೂಲೆಗೆ ಹೋದರೂ ಗದ್ದೆ ತೋಟದಲ್ಲಿ "ಸಿಗಂದೂರು ಚೌಡೇಶ್ವರಿಯ ಕಾವಲಿದೆ" ಅಂತ ಬೋರ್ಡ್ ಕಾಣುತ್ತೆ. ಆ ದೇವಿಯ ಸ್ವಂತ ಊರಿನ ನೀರನ್ನು ಭಕ್ತರು ಕೆಡಿಸಬಾರದು, ಅಷ್ಟೇ ನನ್ನ ಬೇಡಿಕೆ.

ಚಿತ್ತಾರದ ಮನೆ

ನಾನು ಯಾವತ್ತೂ ಎಲ್ಲೂ ಬರೆದವಳಲ್ಲ, ಮಗಳು ಟೈಪ್ ಮಾಡುತ್ತಿದ್ದಾಳೆ.

ಪರಂಪರೆ ಅಂದರೆ ಗುಡಿ ಮಾತ್ರ ಅಲ್ಲ. ನಮ್ಮ ದೀವರ ಸಮುದಾಯದ ಹೆಂಗಸರ ಕೈಯಲ್ಲಿ ಹಸೆ ಚಿತ್ತಾರ ಇದೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ಅರೆದ ಬಿಳಿಯಲ್ಲಿ ಗೆರೆ ಎಳೆಯುತ್ತೇವೆ. ಕಪ್ಪಿಗೆ ಅಕ್ಕಿಯನ್ನು ಸೀಯುವ ಹಾಗೆ ಹುರಿದು ಅರೆಯಬೇಕು. ಹಳದಿಗೆ ಗುರಗೆ ಕಾಯಿ. ಕುಂಚ ಪುಂಡಿ ನಾರಿನದು. ತುದಿಯನ್ನು ಜಜ್ಜಿ ಜಜ್ಜಿ ಕೂದಲ ಹಾಗೆ ಮಾಡಿಕೊಂಡರೆ ಗೆರೆ ನಡುಗುವುದಿಲ್ಲ. ನನಗೆ ನನ್ನ ಅತ್ತೆ ಕಲಿಸಿದ್ದು. ಮೊದಲ ವರ್ಷ ಬರೀ ಗೆರೆ ಎಳೆಸಿದರು, ಬೇರೆ ಏನೂ ಇಲ್ಲ.

ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೂ ಇದೇ ಚಿತ್ತಾರ. ಗದ್ದೆಯಲ್ಲಿ ಭತ್ತ ಹೊಡೆತುಂಬಿ ನಿಂತಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಡವಾ? ರಾತ್ರಿಯೆಲ್ಲ ಎದ್ದು ಸೊಪ್ಪು ಬೇಯಿಸಿ, ಬೆಳಕು ಹರಿಯುವ ಮೊದಲು ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬೀರುತ್ತಾರೆ.

ಗದ್ದೆ ಮುಳುಗಿದ ವರ್ಷ ಏನು ಮಾಡಿದಿರಿ ಅಂತ ಅತ್ತೆಯನ್ನು ಕೇಳಿದ್ದೆ. ನೀರಿನ ಅಂಚಿಗೆ ಹೋಗಿ ನೀರಿಗೇ ಬೀರಿದೆವು ಅಂದರು. ಅಡಿಯಲ್ಲಿ ಗದ್ದೆ ಇದೆಯಲ್ಲ ಅಂದರು.

ಅಂಬಾರಗೋಡ್ಲು

ಅಮ್ಮಾ, ಮಗಳಿಗೆ ಹೇಳಿ, ಇನ್ನೂ ಬರೆಯಲಿ. ಇದನ್ನು ಓದುವಾಗ ನಮ್ಮ ಮನೆಯಲ್ಲಿ ಎಲ್ಲರನ್ನೂ ಕರೆದು ಜೋರಾಗಿ ಓದಿ ಹೇಳಿದೆ.

ದೀಪಾವಳಿಯ ಅಂಟಿಗೆ ಪಂಟಿಗೆಯನ್ನೂ ಸೇರಿಸಿ. ದೀಪ ಹಿಡಿದು, ಹಾಡುತ್ತ, ಮನೆ ಮನೆಗೆ ರಾತ್ರಿಯಿಡೀ. ದೀಪ ಆರಬಾರದು. ನಮ್ಮ ಚಿಕ್ಕಪ್ಪನ ತಂಡ ಆಚೆ ದಡದ ಮನೆಗಳಿಗೆ ದೋಣಿಯಲ್ಲಿ ಹೋಗುತ್ತಿತ್ತು. ಗಾಳಿಗೆ ದೀಪ ಆರದ ಹಾಗೆ ನಾಲ್ಕು ಜನ ಕಂಬಳಿ ಹಿಡಿದು ಸುತ್ತ ನಿಲ್ಲುತ್ತಿದ್ದರಂತೆ. ಹಾಗೇ ತುಮರಿಯ ಕಿನ್ನರ ಮೇಳ. ಕೆ.ಜಿ. ಕೃಷ್ಣಮೂರ್ತಿಯವರು ಇಂಥ ಹಿನ್ನೀರಿನ ಊರಲ್ಲಿ ಕೂತು ಮಕ್ಕಳ ನಾಟಕದ ತಂಡ ಕಟ್ಟಿದರು. ಸೇತುವೆ ಇಲ್ಲದ ಕಾಲದಲ್ಲಿ ನಾಟಕದ ಸಾಮಾನು ಹೊತ್ತು ಲಾಂಚ್ ದಾಟಿ ನಾಡೆಲ್ಲ ತಿರುಗಿದವರು ಅವರು.

ಸಿಂಗಳೀಕ

ಒಂದು ದೊಡ್ಡ ವಿಷಯವನ್ನು ಯಾರೂ ಎತ್ತಲಿಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ರಾತ್ರಿ ನೀರನ್ನು ಮೇಲೆ ಎತ್ತುವುದು, ಬೇಡಿಕೆ ಜಾಸ್ತಿ ಇದ್ದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವುದು. ಆ ಎರಡರ ನಡುವೆ ಇರುವುದು ಸಿಂಗಳೀಕಗಳ ಕಾಡು, ಅಭಯಾರಣ್ಯ. ಅದರ ಹೊಟ್ಟೆಯೊಳಗೆ ಸುರಂಗ. ಈ ಕಣಿವೆಯಿಂದ ಇನ್ನೆಷ್ಟು ತೆಗೆಯುತ್ತಾರೆ? 2019ರಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಇಡೀ ಶಿವಮೊಗ್ಗ ಬಂದ್ ಮಾಡಿದೆವು. ಈಗಲೂ ಅಷ್ಟೇ ಗಟ್ಟಿಯಾಗಿ ಬೇಡ ಅನ್ನಬೇಕು.

ಜೋಗದ ನೌಕರನ ಮಗ

ನನ್ನ ಮಾತು ಬೇರೆ. ಅಪ್ಪ ವಿದ್ಯುದಾಗಾರದಲ್ಲಿ ಕೆಲಸ ಮಾಡಿದವರು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರ, 1035 ಮೆಗಾವಾಟ್, ಒಂದು ಕಾಲದಲ್ಲಿ ರಾಜ್ಯಕ್ಕೆ ಅದೇ ಆಧಾರ. ಸೋಲಾರ್, ಗಾಳಿ ಕರೆಂಟ್ ಜಾಸ್ತಿ ಆದಂತೆ ಅದನ್ನು ಕೂಡಿಡುವ ವ್ಯವಸ್ಥೆ ಬೇಕೇ ಬೇಕು. ಹೊಸ ಅಣೆಕಟ್ಟು ಕಟ್ಟದೆ, ಇರುವ ಎರಡು ಜಲಾಶಯ ಬಳಸುತ್ತಾರೆ. ಮತ್ತೆ ಊರು ಮುಳುಗುವುದಿಲ್ಲ.

ಸಿಂಗಳೀಕ

ಊರು ಮುಳುಗುವುದಿಲ್ಲ, ಆದರೆ ರಸ್ತೆ, ಸುರಂಗ, ಮಣ್ಣು ಸುರಿಯುವ ಜಾಗಕ್ಕೆ ಕಾಡು ಹೋಗುತ್ತದಲ್ಲ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ. ನಡುವೆ ಬೋಳಾದರೆ ಗುಂಪು ಎರಡು ತುಂಡಾಗುತ್ತದೆ. ಕೂಡಿಡುವ ವ್ಯವಸ್ಥೆ ಬೇಕು ಅನ್ನುವುದು ಸರಿ. ಇಲ್ಲೇ ಬೇಕಾ ಅನ್ನುವುದು ನನ್ನ ಪ್ರಶ್ನೆ.

ಮುಳುಗಡೆ ಮೂರನೇ ತಲೆಮಾರು

ಇಬ್ಬರಿಗೂ ಒಂದು ಮಾತು. ಮೊದಲನೇ ಯೋಜನೆಗೆ ಮನೆ ಬಿಟ್ಟುಕೊಟ್ಟವರಿಗೆ ಪಹಣಿ ಕೊಡಿ, ಎರಡನೆಯದನ್ನು ಆಮೇಲೆ ಮಾತಾಡೋಣ. ನಾಡಿಗೆ ಕರೆಂಟ್ ಕೊಟ್ಟ ನಮ್ಮಜ್ಜ ಸಾಯುವವರೆಗೂ ಓದಿದ್ದು ಚಿಮಣಿ ಬುಡ್ಡಿಯಲ್ಲಿ.

ಹೊಳೆಬಾಗಿಲ ಹುಡುಗ

ಮಾತು ಬಹಳ ಕಡೆ ಹೋಯಿತು, ಹೋಗಬೇಕಾದ್ದೇ. ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಬರೆದಿಡುವುದು ಹೇಗೆ? ನನಗೆ ತೋಚಿದ್ದು, ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗುವುದು. ಫೋನಿನಲ್ಲಿ ರೆಕಾರ್ಡ್ ಮಾಡುವುದು. ಊರು, ಮನೆ, ಗದ್ದೆ, ಬಾವಿ, ದೇವರ ಬನ, ಹೀಗೆ ಹೆಸರುಗಳನ್ನು ಕೇಳುವುದು. ಮೇಷ್ಟ್ರೇ, ನೀವೇನಂತೀರಿ?

ನಿವೃತ್ತ ಮೇಷ್ಟ್ರು

ಸರಿ ಇದೆ. ಎರಡು ಮಾತು ಸೇರಿಸುತ್ತೇನೆ. ಮೊದಲನೆಯದು, ಸುಮ್ನೆ "ನಿಮ್ಮ ಊರಿನ ಬಗ್ಗೆ ಹೇಳಿ" ಅಂತ ಕೇಳಬೇಡಿ. ಯಾರೂ ಹೇಳುವುದಿಲ್ಲ. "ಮನೆಯಿಂದ ಬಾವಿಗೆ ಹೋಗುವ ದಾರಿಯಲ್ಲಿ ಏನೇನಿತ್ತು" ಅಂತ ಕೇಳಿ. ಕಾಲು ನೆನಪಿಟ್ಟುಕೊಂಡಿರುತ್ತದೆ. ಎರಡನೆಯದು, ಮುಳುಗುವ ಮೊದಲಿನ ಗ್ರಾಮ ನಕ್ಷೆಗೆ, ಪರಿಹಾರದ ಪಟ್ಟಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ನೆನಪು ಮತ್ತು ಕಾಗದ ಎರಡೂ ಸೇರಿದರೆ ಆ ಮುಳುಗಡೆಯ ತಮ್ಮನಿಗೂ ಕಚೇರಿಯಲ್ಲಿ ಮೇಜಿನ ಮೇಲೆ ಇಡಲು ಏನಾದರೂ ಸಿಗುತ್ತದೆ. ಅರ್ಜಿಯ ಖರ್ಚು ನನ್ನದು.

ಚಿತ್ತಾರದ ಮನೆ

ಮತ್ತೆ ಮಗಳೇ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಹಾಗೇ ನಮ್ಮ ಅಜ್ಜಿಯನ್ನು ನಿನ್ನೆ ರಾತ್ರಿ ಕೇಳಿದೆ. ನೀರು ಬಂದಾಗ ಅವರಿಗೆ ಹದಿನೇಳು.

ಮನೆ ಬಾಗಿಲಿನಿಂದ ಬಾವಿಗೆ ಇಪ್ಪತ್ತೆರಡು ಹೆಜ್ಜೆ. ಬಲಗಡೆ ಕೊಟ್ಟಿಗೆ, ಅದರ ಗೋಡೆಗೆ ಒರಗಿ ನಿಂಬೆ ಗಿಡ. ಎಡಗಡೆ ಬತ್ತಲೆ ಬಂಡೆ, ಅಲ್ಲಿ ಅಡಿಕೆ ಒಣಗಿಸುವುದು. ಬಾವಿಗೆ ಕಟ್ಟೆ ಇರಲಿಲ್ಲ, ಅಡ್ಡ ಮರ ಹಾಕಿದ್ದರು. ಹೊರಡುವ ದಿನ ಬಾಗಿಲು, ಕಿಟಕಿ, ಹೆಂಚು ಎಲ್ಲ ಕಿತ್ತು ಗಾಡಿಗೆ ಹಾಕಿದರಂತೆ. ಒರಳು ಮಾತ್ರ ನೆಲದಲ್ಲಿ ಹುಗಿದಿತ್ತು. ಮೂರು ಜನ ಎತ್ತಿದರೂ ಬರಲಿಲ್ಲ. ಬಿಟ್ಟು ಬಂದರು.

ನೀರು ತುಂಬಾ ಇಳಿದ ಒಂದು ಬೇಸಿಗೆಯಲ್ಲಿ ಅಜ್ಜಿ ಹಟ ಮಾಡಿ ಅಲ್ಲಿಗೆ ಹೋದರಂತೆ. ಗೋಡೆ ಇಲ್ಲ, ಅಡಿಪಾಯದ ಕಲ್ಲಿನ ಸಾಲು ಇತ್ತು. ಹೆಜ್ಜೆ ಎಣಿಸಿಕೊಂಡು ಹೋಗಿ ಒರಳನ್ನು ಹುಡುಕಿದರು. ಕೆಸರು ಗಟ್ಟಿಯಾಗಿ ತುಂಬಿತ್ತು. ಬೆರಳಿನಲ್ಲೇ ಕೆದಕಿ ಕೆದಕಿ ಪೂರ್ತಿ ಖಾಲಿ ಮಾಡಿ, ಸೆರಗಿನಲ್ಲಿ ಒರೆಸಿ ಬಂದರಂತೆ.

ಹೊಳೆಬಾಗಿಲ ಹುಡುಗ

ತಂಗೀ, ಇದೇ ನಮ್ಮ ಮೊದಲನೇ ದಾಖಲೆ. ಅಜ್ಜಿಯ ದನಿ ರೆಕಾರ್ಡ್ ಮಾಡಿದ್ದೀರಾ? ಆ ಜಾಗ ಈಗಲೂ ಗುರುತು ಸಿಗುತ್ತಾ?

ಚಿತ್ತಾರದ ಮನೆ

ರೆಕಾರ್ಡ್ ಮಾಡಿದ್ದೇನೆ, ನಲವತ್ತು ನಿಮಿಷ ಇದೆ. ಜಾಗ ಅಜ್ಜಿಗೆ ಗೊತ್ತು. ದಡದಿಂದ ಸ್ವಲ್ಪ ಒಳಗೆ ಎರಡು ಒಣ ಬೊಡ್ಡೆ ಕಾಣುತ್ತವೆ, ಅದರ ನಡುವೆ ಅಂತ ಹೇಳುತ್ತಾರೆ. ಮೇ ಕೊನೆಗೆ ನೀರು ಇಳಿದರೆ ಬನ್ನಿ. ಅಜ್ಜಿ ತಾವೂ ಬರುತ್ತೇನೆ ಅಂತಿದ್ದಾರೆ, ಹೊತ್ತುಕೊಂಡು ಹೋಗಲು ಇಬ್ಬರು ಬೇಕಾಗುತ್ತಾರೆ.

ತೋಟದ ಮನೆ

ನಾನು ಒಬ್ಬ. ಕುರ್ಚಿ ತರುತ್ತೇನೆ.

ಬೆಂಗಳೂರಲ್ಲಿ ತುಮರಿ

ನಾನು ಇನ್ನೊಬ್ಬ. ಮೇ ಕೊನೇ ವಾರ ರಜೆ ಹಾಕಿದೆ.